ಗಲ್ಲಾದ ಗಿಳಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಪಕ್ಷಿಪ್ರೇಮ ಇಲ್ಲ. ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಪಾರಿವಾಳಗಳಿಗೆ ಜೋಳ ಎರಚುವ ಹೆಂಗಸರನ್ನು ಕಂಡರೆ ಮೈ ಉರಿಯುತ್ತದೆ. ಅವರ ಪುಣ್ಯವೆಲ್ಲ ನನ್ನ ಬಾಲ್ಕನಿಯ ಗ್ರಿಲ್ಲಿನ ಮೇಲೆ ಬಿಳಿಯಾಗಿ ಒಣಗಿರುತ್ತದೆ. ಅಂಥ ನಾನು, ಎಪ್ಪತ್ತು ದಾಟಿದ ಮೇಲೆ, ಒಂದು ರೋಗಿಷ್ಠ ಗಿಳಿಯನ್ನು ಮನೆಗೆ ತಂದೆ. ಕರುಣೆಯಿಂದ ಅಲ್ಲ, ಹಟದಿಂದ. ಪ್ಯೂರ್ ಸ್ಪೈಟ್.

ಹಟ ನನ್ನ ಮೈದುನನ ಮೇಲೆ. ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ತಾಗಿದ ಹಾಗೆ, ನಮ್ಮ ಮಾವ ಶುರು ಮಾಡಿದ ಉಡುಪಿ ಹೋಟೆಲನ್ನು ಅವನು ನಡೆಸುತ್ತಾನೆ. ಹಿರಿಮಗನಾಗಿ ನನ್ನ ಗಂಡ ಗಲ್ಲಾದಲ್ಲಿ ಕೂರಬೇಕಾಗಿತ್ತು. ನಮ್ಮ ಮದುವೆಯಾದ ವರ್ಷವೇ ಅವರು ಬ್ಯಾಂಕಿಗೆ ಸೇರಿದರು. 'ಕಾನ್ವೆಂಟು ನಮ್ಮ ಅಣ್ಣನನ್ನು ಕೊಂಡುಹೋಯಿತು' ಅಂತ ಮೈದುನ ಊರೆಲ್ಲ ಹೇಳಿಕೊಂಡು ಬಂದ. ಕಾನ್ವೆಂಟು ಅಂದರೆ ನಾನು. ಮಂಗಳೂರಿನ ಸಿಸ್ಟರುಗಳ ಹತ್ತಿರ ಓದಿದವಳು, ಸೊಸೆಯಾಗಿ ಬಂದ ಮೇಲೂ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಲು ಒಪ್ಪದವಳು. ಮುಂಬಾಗಿಲಿನಿಂದ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಹಾಗಾಗಿ ನಾನು ಹೋಗಲೇ ಇಲ್ಲ.

ನನ್ನ ಕಡೆಯ ಸಿಟ್ಟು ಬೇರೆ. ನನ್ನ ಗಂಡ ತೀರಿಕೊಂಡ ದಿನ ಅವನು ಹೋಟೆಲ್ ಮುಚ್ಚಲಿಲ್ಲ. ಶಟರ್ ಅರ್ಧ ಎಳೆದು, ಒಳಗೆ ವ್ಯಾಪಾರ ಮಾಡಿಸಿದ. ಜನ ತಲೆ ಬಗ್ಗಿಸಿ ಒಳಗೆ ಹೋಗಿ ಇಡ್ಲಿ ತಿಂದು ಬಂದರು. ಆಮೇಲೆ ನಾವಿಬ್ಬರೂ ಎದುರಾದದ್ದು ಮದುವೆ ಹಾಲ್‌ಗಳಲ್ಲಿ ಮಾತ್ರ, ಅದೂ ಇಬ್ಬರ ನಡುವೆ ಒಂದು ಕಂಬ ನೋಡಿಕೊಂಡು.

ಹಾಗಿರುವಾಗ ಐರೋಲಿಯಲ್ಲಿ ನನ್ನ ಮಗಳು ಹೊಸ ಫ್ಲ್ಯಾಟ್ ತಗೊಂಡಳು. ಗೃಹಪ್ರವೇಶದ ಆಮಂತ್ರಣ ವಾಟ್ಸ್ಯಾಪಿನಲ್ಲಿ ಹಾಕಿದರೆ ಸಾಕು ಅಂತ ಅವಳು. ನಮ್ಮಲ್ಲಿ ಹಾಗಲ್ಲ. ಸ್ವಂತ ಚಿಕ್ಕಪ್ಪನಿಗೆ ಮನೆಯವರು ಹೋಗಿ, ಕುಂಕುಮ ಹಚ್ಚಿದ ಕಾಗದ ಕೈಯಲ್ಲಿ ಕೊಟ್ಟು ಕರೆಯಬೇಕು. ವೈರಿಯಾದರೂ ಕರೆಯಬೇಕು, ವೈರಿಯಾದರೆ ಇನ್ನೂ ಸರಿಯಾಗಿ ಕರೆಯಬೇಕು. ಮಗಳಿಗೆ ರಬಾಳೆಯ ಕಂಪನಿಯಲ್ಲಿ ರಜೆ ಇರಲಿಲ್ಲ. ನಾನೇ ಹೋದೆ.

ಹೋಟೆಲ್ ರಿನೋವೇಶನ್‌ಗೆ ಮುಚ್ಚಿತ್ತು, ಹಾಗಾಗಿ ಮೊದಲ ಸಲ ಮುಂಬಾಗಿಲಿನಿಂದಲೇ ಒಳಗೆ ಹೋದೆ. ಒಳಗೆಲ್ಲ ಸಿಮೆಂಟಿನ ಧೂಳು. ಮೈದುನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಟೈಲ್ಸಿನವನ ಮೇಲೆ ಕೂಗುತ್ತಿದ್ದ. ಕಾಗದ ಕೊಟ್ಟು ತಿರುಗುವಾಗ, ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ, ಗೋಣಿ ಹೊದೆಸಿದ ಪಂಜರ ಕಂಡಿತು. ಗೋಣಿ ಎತ್ತಿದೆ.

ಮಾವನ ಕಾಲದ ಕೊನೆಯಲ್ಲಿ ಬಂದ ಗಿಳಿ ಅದು. ಗಲ್ಲಾದ ಮೇಲೆ, ದೇವರ ಪಟದ ಪಕ್ಕದಲ್ಲಿ ತೂಗುತ್ತಿತ್ತು ಅಂತ ನನ್ನ ಗಂಡ ಹೇಳುತ್ತಿದ್ದರು. ಬೆಳಿಗ್ಗೆ ದೀಪ ಹಚ್ಚಿದ ಮೇಲೆ, ಹಬೆಪಾತ್ರೆಯಿಂದ ಇಳಿದ ಮೊದಲ ಇಡ್ಲಿ ಗಿಳಿಗೆ. ಅದು ಕೊಕ್ಕು ಹಾಕಿದ ನಂತರವೇ ಶಟರ್ ಪೂರ್ತಿ ಮೇಲೆ. ಮಾವನ ನಿಯಮ. ಆಮೇಲೆ ದಿನವಿಡೀ ಗಿರಾಕಿಗಳ ಸರದಿ: ಬನ್ಸಿನ ಚೂರು, ಗೋಳಿಬಜೆಯ ತುದಿ, ತುಪ್ಪದ ಶೀರಾ, ಸಾಸರಿನಲ್ಲಿ ಚಹಾ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟದ್ದು. ಈಗ ಅದರ ಎದೆಯಲ್ಲಿ ಒಂದು ಗರಿ ಇರಲಿಲ್ಲ. ಬೆತ್ತಲೆ ಚರ್ಮ, ಅಲ್ಲಲ್ಲಿ ಅದೇ ಕಿತ್ತುಕೊಂಡ ಗಾಯ. ಕೊಕ್ಕು ಬೆಳೆದು ಕುಡುಗೋಲಿನಂತೆ ಗಂಟಲಿನ ಕಡೆಗೆ ಬಾಗಿತ್ತು. ಬಟ್ಟಲಿನಲ್ಲಿ ಕಲ್ಲಾದ ಬನ್ಸು.

"ಇದು ಮಾವನ ಗಿಳಿಯಾ?"

"ಮತ್ತೆ? ನಿಮ್ಮ ಕಾನ್ವೆಂಟಿನದ್ದಾ?"

"ಸಾಯ್ತಾ ಉಂಟಲ್ಲ."

"ವಯಸ್ಸಾಯ್ತು ಅತ್ತಿಗೆ. ನಮಗೆ ಆಗ್ಲಿಲ್ವಾ? ನೀವು ಹೊಳೀತಾ ಇದ್ದೀರಾ?"

"ನನಗೆ ಕೊಡು. ನಾನು ನೋಡ್ಕೊಳ್ತೇನೆ."

ಅವನು ಕರ್ಚೀಫು ಇಳಿಸಿ ನಕ್ಕ. "ನಮ್ಮ ಹೋಟೆಲಿನ ನೀರು ಕುಡಿಯದವರು ಹೋಟೆಲಿನ ಗಿಳಿ ಸಾಕುದಾ? ಒಯ್ಯಿರಿ, ಒಯ್ಯಿರಿ. ಆದ್ರೆ ಓಪನಿಂಗಿನ ಮೊದಲು ಇಲ್ಲಿ ತಂದು ಕಟ್ಬೇಕು. ಮೊದಲ ಇಡ್ಲಿ ಅದೇ ತಿನ್ಬೇಕು. ಅಪ್ಪನ ಮಾತು."

ನಮ್ಮ ಮಾತುಕತೆ ನಿಜವಾಗಿ ನಡೆದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮರ್ಯಾದೆ ಬಂದುಬಿಡುತ್ತದೆ, ಕ್ಷಮಿಸಿ.

ಅಲ್ಲಿಂದ ನೇರವಾಗಿ ರಿಕ್ಷಾ ಮಾಡಿ ಠಾಣೆಯಲ್ಲೇ ಒಬ್ಬ ಪಕ್ಷಿ ಡಾಕ್ಟರ್ ಹತ್ತಿರ ಹೋದೆ. ಚಿಕ್ಕ ಪ್ರಾಯದ ಹುಡುಗಿ. ಗಿಳಿಯನ್ನು ಟವೆಲಿನಲ್ಲಿ ಸುತ್ತಿ, ಕೊಕ್ಕನ್ನು ಸಣ್ಣ ಯಂತ್ರದಿಂದ ಅರೆದು, ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಅಪರಾಧಿಯಂತೆ ನೋಡಿದಳು. ಉಪ್ಪು, ಎಣ್ಣೆ, ಸಕ್ಕರೆ, ಚಹಾ ತಿಂದು ಕುಡಿದು ಲಿವರ್ ಹಾಳಾಗಿದೆ. ಹಸಿವಿನಿಂದ ಅಲ್ಲ ಆಂಟಿ, ತಪ್ಪು ತಿಂಡಿಯಿಂದ ಸಾಯುತ್ತಿದೆ. ಹೋಟೆಲಿಗೆ ವಾಪಸ್ಸು ಹೋದರೆ ಮುಂದಿನ ಮಳೆಗಾಲ ನೋಡುವುದಿಲ್ಲ. ಅದೂ ಅಲ್ಲದೆ ಈ ದೇಶದ ಗಿಳಿಯನ್ನು ಪಂಜರದಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಕಲ್ಯಾಣದ ಆಚೆ ಇಂಥ ಹಕ್ಕಿಗಳನ್ನು ದೊಡ್ಡ ಜಾಲರಿಯೊಳಗೆ ಒಟ್ಟಿಗೆ ಇಟ್ಟುಕೊಳ್ಳುವ ಕೇಂದ್ರ ಇದೆ, ಅಲ್ಲಿಗೆ ಒಪ್ಪಿಸಬೇಕು. ಆದರೆ ಈ ಸ್ಥಿತಿಯಲ್ಲಿ ಅಲ್ಲ. ಮೊದಲು ಅದು ಸರಿಯಾದ ಆಹಾರವನ್ನು ತಾನಾಗಿ ತಿನ್ನಲು ಕಲಿಯಬೇಕು. ಅಲ್ಲಿಯವರೆಗೆ, ಕೇಂದ್ರದವರಿಗೆ ತಿಳಿಸಿ, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ತಿನ್ನದಿದ್ದರೆ ಟ್ಯೂಬ್ ಹಾಕಬೇಕಾಗುತ್ತದೆ, ಅದನ್ನು ಇದು ತಡೆಯುವುದು ಡೌಟ್.

ಹಾಗೆ ಅದು ನನ್ನ ಮನೆಯ ಹಾಲ್‌ಗೆ ಬಂತು. ಬಂದ ಮೊದಲ ಗಂಟೆಯಲ್ಲೇ ನನ್ನ ತೋರುಬೆರಳು ಕಚ್ಚಿತು. ಸುಮ್ಮನೆ ಅಲ್ಲ, ಹಿಡಿದು, ತಿರುಚಿ. ನಾನು ಅದಕ್ಕೆ ಹೆಸರಿಡಲಿಲ್ಲ. ಕೂತಲ್ಲಿಂದ ಕಣ್ಣಿನ ಕಪ್ಪು ಸಣ್ಣದು ದೊಡ್ಡದು ಮಾಡುತ್ತಾ ನನ್ನನ್ನು ನೋಡುತ್ತಿತ್ತು, ಬಾಡಿಗೆದಾರ ಮಾಲೀಕನನ್ನು ನೋಡುವ ಹಾಗೆ.

ಅಡುಗೆಯಲ್ಲಿ ನನಗೆ ಸೋಲು ಗೊತ್ತಿಲ್ಲ. ಹೆಸರುಕಾಳು ಮೊಳಕೆ ಬರಿಸಿದೆ. ಕ್ಯಾರೆಟ್ ತುರಿದೆ. ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಬೇಯಿಸಿದ ಗೆಣಸು, ಪೇರಳೆಯ ಹೋಳು, ಹಸಿಮೆಣಸು. ಯಾವುದನ್ನೂ ಮೂಸಲಿಲ್ಲ. ಇಡ್ಲಿಯ ಅಭ್ಯಾಸ ಇದ್ದದ್ದಲ್ಲವಾ ಅಂತ, ಉಪ್ಪಿಲ್ಲದೆ, ಅರ್ಧಕ್ಕರ್ಧ ಸೊಪ್ಪು ಸೇರಿಸಿ ಚಿಕ್ಕ ಇಡ್ಲಿ ಬೇಯಿಸಿದೆ. ಒಂದು ಕಾಲಿನಿಂದ ಎತ್ತಿ ಹೊರಗೆ ಎಸೆಯಿತು, ನನ್ನ ದಿಕ್ಕಿಗೇ.

ಪಥ್ಯದ ರೋಗಿಗೆ ಏನು ಬೇಕು? ಶಾಂತಿ. ನಾನು ಕಲಿತದ್ದು ಅದೇ. ನನ್ನ ತವರಿನಲ್ಲಿ ಎಲೆಯ ಮುಂದೆ ಕೂತರೆ ಮೌನ, ಅಪ್ಪ ಬೆರಳಿನ ಸನ್ನೆಯಲ್ಲೇ ಸಾರು ಕೇಳುತ್ತಿದ್ದರು. ಕಾನ್ವೆಂಟಿನಲ್ಲಿ ನಾವು ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಒಬ್ಬ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ಬೆಂಚುಗಳ ನಡುವೆ ನಡೆಯುತ್ತಿದ್ದರು. ಆ ಉದ್ದ ಕೋಣೆ, ಎತ್ತರದ ಕಿಟಕಿಯಿಂದ ಬೀಳುವ ಬಿಸಿಲು, ನಲವತ್ತು ಹುಡುಗಿಯರು ಅಗಿಯುವ ಸದ್ದು ಮಾತ್ರ. ಈಗಲೂ ಕಣ್ಣು ಮುಚ್ಚಿದರೆ ನನಗೆ ಅದು ಕೇಳಿಸುತ್ತದೆ. ಎರಡು ಧರ್ಮಗಳು ನನ್ನ ಬಾಲ್ಯದಲ್ಲಿ ಒಪ್ಪಿಕೊಂಡ ಒಂದೇ ವಿಷಯ ಅದು: ಬಾಯಿಗೆ ಒಂದು ಹೊತ್ತಿಗೆ ಒಂದೇ ಕೆಲಸ. ಹಾಗಾಗಿ ಗಿಳಿಗೆ ಬಟ್ಟಲು ಇಟ್ಟ ಕೂಡಲೇ ಕಿಟಕಿ ಮುಚ್ಚುತ್ತಿದ್ದೆ, ಪರದೆ ಎಳೆಯುತ್ತಿದ್ದೆ, ಫೋನು ಸೈಲೆಂಟ್ ಮಾಡುತ್ತಿದ್ದೆ. ಚಪ್ಪಲಿ ಕೂಡ ಬಿಚ್ಚಿ ನಡೆಯುತ್ತಿದ್ದೆ. ಆಮೇಲೆ ಅಡುಗೆಮನೆಯಲ್ಲಿ ಕೂತು ನಾನೂ ಸದ್ದಿಲ್ಲದೆ ನಾಲ್ಕು ತುತ್ತು ನುಂಗುತ್ತಿದ್ದೆ. ಒಂಟಿಯಾದ ಮೇಲೆ ನನ್ನ ಊಟ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಗಿಳಿ ಒಣಗುತ್ತಾ ಹೋಯಿತು. ಕಚ್ಚುವುದನ್ನೂ ನಿಲ್ಲಿಸಿತು. ನನಗೆ ಭಯವಾದದ್ದು ಆವಾಗ. ಸತ್ತರೆ ಮೈದುನ ಏನನ್ನುತ್ತಾನೆ ಅಂತ ನನಗೆ ಅಕ್ಷರಶಃ ಗೊತ್ತಿತ್ತು.

ಅಷ್ಟರಲ್ಲಿ ನನ್ನ ಮಗಳು ಫೋನಿನಲ್ಲಿ ಚಿಕ್ಕಪ್ಪನಿಗೆ ಕೇಂದ್ರದ ವಿಷಯ ಬಾಯಿ ಬಿಟ್ಟಳು. ಆ ಸಂಜೆಯೇ ಬೆಲ್ಲು ಹೊಡೆಯಿತು. ಮೈದುನ ಒಳಗೆ ಬಂದವನು ಕೂರಲೂ ಇಲ್ಲ.

"ಎಂತ ಅತ್ತಿಗೆ, ಅಪ್ಪನ ಗಿಳಿಯನ್ನು ಸರ್ಕಾರಕ್ಕೆ ದಾನ ಮಾಡ್ತೀರಂತೆ! ಯಾರನ್ನು ಕೇಳಿ?"

"ಮೆಲ್ಲಗೆ ಮಾತಾಡು. ಅದು ಊಟದ ಹೊತ್ತು."

"ಎಂತಕ್ಕೆ ಮೆಲ್ಲಗೆ? ದಿವಾ ಸ್ಟೇಷನ್ನಿನ ಗರ್ದಿಯಲ್ಲಿ ಚಟ್ನಿಯಾಗಿ ಬಂದಿದ್ದೇನೆ, ಮೆಲ್ಲಗೆ ಮಾತಾಡ್ಲಿಕ್ಕಾ?"

ಅವನ ಗಂಟಲಿನ ಬಗ್ಗೆ ಹೇಳಬೇಕು. ಅದು ಗಲ್ಲಾದ ಗಂಟಲು. ಹದಿನಾರು ಟೇಬಲ್‌ಗಳ ಗಲಾಟೆ ದಾಟಿ, ಅಡುಗೆಮನೆಯ ಗ್ರೈಂಡರಿನ ಸದ್ದು ಸೀಳಿ, ದೋಸೆಕಲ್ಲಿನ ಮುಂದೆ ಇರುವವನ ಕಿವಿ ಹಿಡಿಯುವ ಗಂಟಲು. ನಾನೂ ಏರಿಸಿದೆ. "ಶೇಮ್‌ಲೆಸ್! ಸಾಯಿಸಲಿಕ್ಕೆ ಇಟ್ಟಿದ್ದೆ ಅಲ್ವಾ ಗೋಣಿ ಹಾಕಿ!" ಅಂದೆ. "ಇಂಗ್ಲಿಷಿನಲ್ಲಿ ಬೈದ್ರೆ ನನಗೆ ನಾಟುದಿಲ್ಲ!" ಅಂದ. "ಹಾಗಾದ್ರೆ ತುಳುವಿನಲ್ಲೇ ಕೇಳು!" ಅಂದೆ. ಕೇಳಿಸಿದೆ.

ಕಟ್, ಕಟ್, ಕಟ್ ಅಂತ ಸದ್ದು.

ಗಿಳಿ ಕೋಲಿನಿಂದ ಇಳಿದು ಬಟ್ಟಲಿನ ಅಂಚಿನಲ್ಲಿ ಕೂತು ಮೊಳಕೆಕಾಳು ಒಡೆಯುತ್ತಿತ್ತು. ಆರಾಮವಾಗಿ. ಒಂದು ಕಣ್ಣು ನಮ್ಮ ಮೇಲೆ.

ಮೈದುನ ಬಾಯಿ ಮುಚ್ಚಿದ. ಗಿಳಿಯೂ ನಿಂತಿತು.

"ನಿಲ್ಲಿಸಬೇಡ," ಅಂದೆ. "ಬೈ."

"ಎಂತದ್ದು?"

"ಬೈ ಅಂದ್ನಲ್ಲ! ಅಷ್ಟು ದೂರದಿಂದ ಬಂದದ್ದು ಅದಕ್ಕೇ ಅಲ್ವಾ?"

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ, ಹೋಟೆಲಿನವನಲ್ಲವಾ. ಇಪ್ಪತ್ತು ವರ್ಷ ಆ ಪ್ರಾಣಿ ಊಟ ಮಾಡಿದ್ದು ಆರ್ಡರ್ ಕೂಗುವವರ, ಪಾತ್ರೆ ಬೀಳಿಸುವವರ, ಕುರ್ಚಿಗಾಗಿ ಜಗಳಾಡುವವರ ನಡುವೆ. ಸದ್ದಿದ್ದರೆ ಹೋಟೆಲ್ ತೆರೆದಿದೆ, ಹೆದರಬೇಕಾದ್ದೇನಿಲ್ಲ. ಮೌನ ಅಂದರೆ ಶಟರ್ ಎಳೆದ ಕತ್ತಲು, ಹೆಗ್ಗಣ ಓಡಾಡುವ ಹೊತ್ತು. ನಾನು ಅದನ್ನು ಶಿಸ್ತಾಗಿ, ಡೀಸೆಂಟಾಗಿ, ಮೌನದಿಂದ ಉಪವಾಸ ಕೆಡವಿದ್ದೆ.

ಮರುದಿನ ಅವನಿಲ್ಲದೆ ಪ್ರಯತ್ನಿಸಿದೆ. ಟಿವಿಯಲ್ಲಿ ಮರಾಠಿ ಸೀರಿಯಲ್ಲಿನ ಅತ್ತೆ ಸೊಸೆಯನ್ನು ಜೋರಾಗಿ ಇಟ್ಟೆ. ಗಿಳಿ ತಲೆ ತಿರುಗಿಸಿಕೊಂಡಿತು. ನಾನೊಬ್ಬಳೇ ನಿಂತು "ಎರಡು ಇಡ್ಲಿ, ಒಂದು ವಡಾ!" ಅಂತ ಕೂಗಿದೆ. ಎಲೊಕ್ಯೂಶನ್ ಸ್ಪರ್ಧೆಯ ಹಾಗಿತ್ತು ಅಂತ ನನಗೇ ಅನಿಸಿತು. ಅದು ಮೋಸ ಹೋಗಲಿಲ್ಲ. ಕೊನೆಗೆ ಫೋನ್ ತೆಗೆದು ಹೇಳಿದೆ: "ಸಂಜೆ ಬಾ."

"ನೀವು ಕರೆದದ್ದಕ್ಕೆ ಬರುದಲ್ಲ," ಅಂದ. "ನನ್ನ ಗಿಳಿ ಓಪನಿಂಗಿಗೆ ಗಟ್ಟಿಯಾಗ್ಬೇಕು, ಅದಕ್ಕೆ."

"ಅದು ಗಟ್ಟಿಯಾದ ದಿನವೇ ಕಲ್ಯಾಣಕ್ಕೆ ಹೋಗ್ತದೆ."

"ನೋಡುವ."

ಹೀಗೆ, ಒಬ್ಬರ ಯೋಜನೆ ಇನ್ನೊಬ್ಬರು ಮುರಿಯಬೇಕು ಅಂತಲೇ, ಇಬ್ಬರೂ ಒಂದೇ ಹಕ್ಕಿಗೆ ಉಣಿಸಿದೆವು. ಸಂಜೆಯ ಸ್ಲೋ ಲೋಕಲ್‌ನಲ್ಲಿ ಅವನು ಬರುತ್ತಿದ್ದ. ಆ ಟ್ರೇನೇ ಅವನನ್ನು ಅರ್ಧ ಕಾಯಿಸಿ ಕಳಿಸುತ್ತಿತ್ತು, ಉಳಿದರ್ಧ ನನ್ನ ಕೆಲಸ. ವಿಷಯಕ್ಕೆ ಬರ ಇರಲಿಲ್ಲ. ನನ್ನ ಅತ್ತೆಯ ಬಳೆ ಯಾರಿಗೆ ಹೋಗಬೇಕಿತ್ತು, ಮಗಳ ಗೃಹಪ್ರವೇಶದಲ್ಲಿ ಅವನು ಪಾಯಸ ಮುಟ್ಟದೆ ಎದ್ದದ್ದು ಯಾಕೆ, ಹೋಟೆಲಿಗೆ ಹಾಕಿಸುತ್ತಿದ್ದ ಹೊಸ ಬೋರ್ಡಿನಲ್ಲಿ 'ಕೆಫೆ' ಅನ್ನುವ ಅಸಹ್ಯ ಯಾಕೆ. ನಟನೆ ಮಾಡಿದರೆ ಗಿಳಿ ಕೋಲು ಬಿಟ್ಟು ಇಳಿಯುತ್ತಿರಲಿಲ್ಲ. ಹಾಗಾಗಿ ನಿಜವಾದ ಸಿಟ್ಟನ್ನೇ ಹುಡುಕಿ ತೆಗೆಯಬೇಕಾಗುತ್ತಿತ್ತು. ಮೇಲಿನ ಮನೆಯಾಕೆ ಒಂದು ದಿನ ಇಳಿದು ಬಂದು, "ಕಾಕೂ, ಸಗಳಂ ಠೀಕ್ ಆಹೇ ನಾ?" ಅಂತ ಕೇಳಿದಳು. "ಎಲ್ಲ ಸರಿ ಇದೆ, ಗಿಳಿ ಊಟ ಮಾಡ್ತಾ ಇದೆ" ಅಂತ ನನ್ನ ಒಡಕು ಮರಾಠಿಯಲ್ಲಿ ಹೇಳಿದೆ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು.

ಮೊಳಕೆಕಾಳಿನಿಂದ ಕ್ಯಾರೆಟಿಗೆ ಬಂತು. ಕ್ಯಾರೆಟಿನಿಂದ ಸೊಪ್ಪಿಗೆ. ಅದರ ಎದೆಯ ಮೇಲೆ ಮುಳ್ಳಿನಂಥ ಹೊಸ ಗರಿಗಳು ಎದ್ದವು. ಡಾಕ್ಟರ್ ಹುಡುಗಿ ತೂಕ ನೋಡಿ, "ಏನು ಮಾಡಿದಿರಿ ಆಂಟಿ?" ಅಂದಳು. ಸೀಕ್ರೆಟ್ ಅಂದೆ. ಸಂಜೆ ಮೈದುನ ಹೋದ ಮೇಲೆ, ಕಿವಿ ಗುಂಯ್ಗುಡುತ್ತಿರುವಾಗ, ನಾನೂ ತಟ್ಟೆ ತುಂಬ ಬಡಿಸಿಕೊಂಡು ಉಣ್ಣುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಒಂದು ಸಂಜೆ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂತು. "ನಿನ್ನ ಅಣ್ಣನ ಹೆಣ ಮನೆಯಲ್ಲಿತ್ತು," ಅಂದೆ. "ನೀನು ವಡಾ ಮಾರ್ತಿದ್ದಿ."

ಅವನು ಈ ಸಲ ಕೂಗಲಿಲ್ಲ ಅಂದುಕೊಳ್ಳಬೇಡಿ. ಗೋಡೆ ಅದುರುವ ಹಾಗೆ ಕೂಗಿದ. "ಹಿಟ್ಟು ರುಬ್ಬಿ ಆಗಿತ್ತು! ಅಷ್ಟು ಹಿಟ್ಟು! ಮೋರಿಗೆ ಚೆಲ್ಲುದಾ? ಅಪ್ಪ ಹೋದ ದಿನ ಎಂತ ಮಾಡಿದ್ದು ಗೊತ್ತುಂಟಾ? ಶಟರ್ ಅರ್ಧ ಎಳೆದು ಗಲ್ಲಾದಲ್ಲಿ ಕೂತದ್ದು ನಿಮ್ಮ ಗಂಡ! ಬ್ಯಾಂಕಿಗೆ ರಜೆ ಹಾಕಿ! ಹಿಟ್ಟು ಮುಗಿಯುವವರೆಗೆ ಏಳ್ಲಿಲ್ಲ ಪುಣ್ಯಾತ್ಮ! ನಿಮಗೆ ಹೇಳಿರ್ಲಿಕ್ಕಿಲ್ಲ. ಹೇಳಿದ್ರೆ ಕಾನ್ವೆಂಟಿಗೆ ಬೇಸರ ಆಗ್ತದಲ್ಲ!"

ನನಗೆ ಹೇಳಿರಲಿಲ್ಲ. ಮಾವ ಹೋದಾಗ ನಾನು ಅಮ್ಮನ ಆರೈಕೆಗೆ ತವರಿನಲ್ಲಿದ್ದೆ. ಗಿಳಿ ತಿನ್ನುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿತು. ಬಟ್ಟಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು.

"ಆದರೂ ನೀನು ಮಾಡಿದ್ದು ತಪ್ಪೇ!" ಅಂತ ಕಿರುಚಿದೆ.

"ತಪ್ಪಾದ್ರೆ ಇಬ್ರದ್ದೂ ತಪ್ಪು!" ಅಂತ ಅವನು ಕಿರುಚಿದ. ಗಿಳಿ ಕ್ಯಾರೆಟ್ ಎತ್ತಿಕೊಂಡಿತು.

ಓಪನಿಂಗ್ ಹತ್ತಿರ ಬಂತು. ಮೈದುನ ಹೊಳೆಯುವ ಸ್ಟೀಲಿನ ಹೊಸ ಪಂಜರ ಹಿಡಿದುಕೊಂಡೇ ಬಂದ. ನಾನು ಡಾಕ್ಟರಿಗೆ ಫೋನ್ ಮಾಡಿ ಕೇಂದ್ರಕ್ಕೆ ಹೋಗುವ ದಿನ ಗೊತ್ತು ಮಾಡಿ ಆಗಿತ್ತು. ಅವನಿಗೂ ಗೊತ್ತಿತ್ತು. ಅವನು ಪಂಜರ ಕೆಳಗಿಟ್ಟು, ಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದ. ಹೊಸ ಹಬೆಪಾತ್ರೆಯಲ್ಲಿ ಟ್ರಯಲ್‌ಗೆ ಬೇಯಿಸಿದ ಇಡ್ಲಿ. ಬೆಳ್ಳಗೆ, ಹೂವಿನಂತೆ.

"ನೀವು ಕಾನೂನು ಹೇಳ್ತೀರಿ, ಡಾಕ್ಟರ್ ಹೇಳ್ತೀರಿ. ನಾನು ಗಿಳಿಯನ್ನೇ ಕೇಳ್ತೇನೆ," ಅಂದ. "ಇಡ್ಲಿ ತಿಂದ್ರೆ ನನ್ನ ಜೊತೆ ಬರ್ತದೆ. ಆಯ್ತಾ?"

"ಒಂದು ಚೂರು ತಿಂದರೆ ಸಾಯುವುದಿಲ್ಲ, ಆದರೆ ಪಂಜರ ಇಲ್ಲಿಂದ ಹೊರಗೆ ಹೋಗುವುದಿಲ್ಲ. ತಿಂದರೂ ಹೋಗುವುದಿಲ್ಲ. ಪೊಲೀಸರನ್ನು ಕರೀತೇನೆ."

"ಕರೀರಿ! ಠಾಣೆಯ ಪೊಲೀಸರೆಲ್ಲ ನಮ್ಮ ಗಿರಾಕಿಗಳೇ!"

"ಇದು ಡೊಂಬಿವಲಿ!"

ಅವನು ಇಡ್ಲಿಯ ಚೂರು ಸರಳುಗಳ ನಡುವೆ ಹಿಡಿದ. ಬಗ್ಗಲು ಇನ್ನೊಂದು ಕೈ ಮೊಣಕಾಲಿಗೆ ಊರಿದ್ದ. ಅವನಿಗೂ ಎಪ್ಪತ್ತು. ಗಿಳಿ ಬಂತು. ಇಡ್ಲಿಯನ್ನು ಕೊಕ್ಕಿನಲ್ಲಿ ತೆಗೆದುಕೊಂಡಿತು. ಒಂದು ಕ್ಷಣ ಹಾಗೇ ಹಿಡಿದು, ನಾಲಿಗೆಯಲ್ಲಿ ತಿರುಗಿಸಿ, ಕೆಳಗೆ ಬೀಳಿಸಿತು. ಕೊಕ್ಕನ್ನು ಕೋಲಿಗೆ ಉಜ್ಜಿ ಒರೆಸಿಕೊಂಡಿತು. ಆಮೇಲೆ ಪೇರಳೆಯ ಹೋಳಿಗೆ ಹೋಯಿತು.

ಅವನು ಉಳಿದ ಇಡ್ಲಿಯನ್ನು ಬಾಳೆ ಎಲೆಯಲ್ಲಿ ಮತ್ತೆ ಸುತ್ತಿದ.

"ಕೆಡಿಸಿಬಿಟ್ರಿ ಅದನ್ನು," ಅಂದ. "ಇನ್ನು ಮೊದಲ ಇಡ್ಲಿ ಯಾರು ತಿನ್ನುದು?"

ಕಲ್ಯಾಣಕ್ಕೆ ಅವನ ಕಾರಿನಲ್ಲೇ ಹೋದೆವು. ರಿಕ್ಷಾದಲ್ಲಿ ಹೋಗ್ತೇನೆ ಅಂದದ್ದಕ್ಕೆ, "ಅಪ್ಪನ ಗಿಳಿ ರಿಕ್ಷಾದಲ್ಲಿ ಹೋಗುದಿಲ್ಲ" ಅಂದ. ಪತ್ರಿ ಪೂಲ್ ಸೇತುವೆಯ ಟ್ರಾಫಿಕ್ಕಿನಲ್ಲಿ ದಾರಿಯ ಬಗ್ಗೆ ಜಗಳ. ಹಿಂದಿನ ಸೀಟಿನಲ್ಲಿ ಗಿಳಿ ಮೆಣಸು ತಿನ್ನುತ್ತಿತ್ತು. ಅಲ್ಲಿ ಇದು ಹೇಗೆ ತಿನ್ನುತ್ತದೆ, ಯಾರು ಕೂಗುತ್ತಾರೆ ಅನ್ನುವ ಚಿಂತೆ ಇಬ್ಬರಿಗೂ ಇತ್ತು.

ಚಿಂತೆ ಬೇಕಿರಲಿಲ್ಲ. ಜಾಲರಿಯ ಹತ್ತಿರ ಹೋಗುವ ಮೊದಲೇ ಸದ್ದು ಕಿವಿಗೆ ಹೊಡೆಯಿತು. ಎಷ್ಟೋ ಗಿಳಿಗಳು, ಎಲ್ಲವೂ ಯಾರದೋ ಮನೆಯಿಂದ ಬಂದವು, ಒಂದೇ ಪೇರಳೆಯ ಮೇಲೆ ಹತ್ತು ಸೇರಿ ಕಿರುಚುತ್ತಿದ್ದವು, ದೂಡುತ್ತಿದ್ದವು, ಕಚ್ಚುತ್ತಿದ್ದವು. ಮಧ್ಯಾಹ್ನ ಒಂದು ಗಂಟೆಯ ಕೋಪರಿ ಹೋಟೆಲ್. ನಮ್ಮದನ್ನು ಒಳಗೆ ಬಿಟ್ಟರು. ಅದಕ್ಕೆ ಹಾರಲು ಬರುವುದಿಲ್ಲ. ನಡೆದುಕೊಂಡೇ ಹೋಗಿ, ಒಂದಕ್ಕೆ ಕುಕ್ಕಿ, ಜಾಗ ಮಾಡಿಕೊಂಡು ತಟ್ಟೆಗೆ ಬಾಯಿ ಹಾಕಿತು. ತಿರುಗಿ ನೋಡಲಿಲ್ಲ. ಕೃತಜ್ಞತೆ ಅಂತ ಒಂದು ಗರಿಯಷ್ಟೂ ಇಲ್ಲ.

ವಾಪಸ್ಸು ಬರುವಾಗ ದಾರಿಯ ಬಗ್ಗೆ ಜಗಳವೂ ಆಗಲಿಲ್ಲ. ಆ ರಾತ್ರಿ ಮೊಸರನ್ನ ಕಲಸಿ ಹಾಗೇ ಫ್ರಿಜ್ಜಿನಲ್ಲಿಟ್ಟೆ.

ಓಪನಿಂಗಿಗೆ ನನ್ನನ್ನು ಕರೆಯಲಿಲ್ಲ. ಕರೆದರೂ ಹೋಗುತ್ತಿರಲಿಲ್ಲ. ಆ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಬೆಲ್ಲು ಹೊಡೆಯಿತು. ಹಣೆಯಲ್ಲಿ ಗಂಧ, ಗರಿಗರಿ ಬಿಳಿ ಪಂಚೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಮೈದುನ ಏದುಸಿರು ಬಿಡುತ್ತಿದ್ದ.

"ಶಟರ್ ಅರ್ಧ ಇಳಿಸಿ ಬಂದಿದ್ದೇನೆ. ಹೊರಗೆ ಗಿರಾಕಿ ನಿಂತಿದ್ದಾರೆ. ಬೇಗ ತಿನ್ನಿ."

ಡಬ್ಬಿಯಲ್ಲಿ ಒಂದೇ ಇಡ್ಲಿ.

"ನಾನೇನು ನಿನ್ನ ಗಿಳಿಯಾ?"

"ಮೂಗು ಹಾಗೇ ಉಂಟಲ್ಲ. ಕಳಿಸಿಕೊಟ್ಟವರು ನೀವು. ಯಾರಾದ್ರೂ ತಿನ್ಬೇಕಲ್ಲ, ಮಾರಾಯ್ರೆ!"

ಬಾಗಿಲಲ್ಲಿ ನಿಂತೇ ಅರ್ಧ ಮುರಿದು ಬಾಯಿಗೆ ಹಾಕಿದೆ. ಮದುವೆಯಾಗಿ ಬಂದ ಮೇಲೆ ಆ ಹೋಟೆಲಿನದ್ದು ನನ್ನ ಬಾಯಿಗೆ ಬಿದ್ದದ್ದು ಅದೇ ಮೊದಲು.

"ಉಪ್ಪು ಜಾಸ್ತಿ ಆಗಿದೆ," ಅಂದೆ. ನಿಜವಾಗಿಯೂ ಜಾಸ್ತಿ ಆಗಿತ್ತು.

"ಎಂತದ್ದು? ಉಪ್ಪಾ?" ಮೆಟ್ಟಿಲಿನಲ್ಲಿ ಅವನ ಗಂಟಲು ಮೊಳಗಿತು. ಮೇಲಿನ ಮನೆಯ ಬಾಗಿಲು ತೆರೆದ ಸದ್ದು ಕೇಳಿಸಿತು. "ಈ ವಯಸ್ಸಿನಲ್ಲಿ ನಾಲಿಗೆಗೆ ರುಚಿ ಗೊತ್ತಾಗ್ತದಾ ನಿಮಗೆ? ಕೋಪರಿಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬ, ಒಬ್ಬ ಗಿರಾಕಿ..."

ನಾನು ಉಳಿದರ್ಧಕ್ಕೆ ಕೈ ಹಾಕಿದೆ.